ಪರಿಶೀಲಕರು ಬಂದ ದಿನ ಅಡುಗೆಮನೆಗೆ ಬೀಗ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ದೈವಶಾಸ್ತ್ರ ಕಾಲೇಜಿನ ಪ್ರಾಂಶುಪಾಲರಾದ ಪಾಸ್ಟರ್ ತಾಕ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಖಾಲಿ ಬಿದ್ದಿರುವ ಮುಖ್ಯ ಅತಿಥಿಗಳ ಕುರ್ಚಿಯೇ — ಕ್ಷಮಿಸಿ, ಬೆಳಗಿನಿಂದ ಆ ಕುರ್ಚಿಯ ಮೇಲಿಂದ ಕಣ್ಣು ಕೀಳಲಾಗುತ್ತಿಲ್ಲ, ಅದಕ್ಕೇ ಅದನ್ನೂ ಸೇರಿಸಿಕೊಂಡೆ — ಬೋಧಕರೇ, ವಿದ್ಯಾರ್ಥಿಗಳೇ, ಸಿಂಪಿ ಶೆಡ್ಡಿನಿಂದ ಕೈ ತೊಳೆದುಕೊಂಡು ನೇರವಾಗಿ ಇಲ್ಲಿಗೇ ಬಂದಿರುವ ನನ್ನ ಅಕ್ಕತಂಗಿಯರೇ, ಮತ್ತು ನಮ್ಮ ಈ ಬಂದರು ಊರು ತೊಂಗ್ಯೊಂಗಿನ ಪ್ರೀತಿಯ ಸಭಿಕರೇ,

ನಾನು ಪ್ಯೋ ಮಲ್ಸುನ್. ಬಂದರಿನಲ್ಲಿ ಚಿಪ್ಪು ಒಡೆದು ಸಿಂಪಿ ಬಿಡಿಸುವ ಶೆಡ್ಡು ನಡೆಸುತ್ತೇನೆ. ಈ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಚರ್ಚಿನ ಹೆಂಗಸರ ಪರವಾಗಿ ಕೂರುತ್ತೇನೆ. ಇವತ್ತು ನನಗೆ ಕೊಟ್ಟಿದ್ದ ಕೆಲಸ ವಂದನಾರ್ಪಣೆ ಮಾತ್ರ. ಅದನ್ನು ಬಾಯಿಪಾಠ ಮಾಡಿ, ಮರೆತು, ಮತ್ತೆ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಷ್ಟರಲ್ಲಿ ಪ್ರಾಂಶುಪಾಲರು ಕಿವಿಯ ಹತ್ತಿರ ಬಂದು, "ಅಮ್ಮಾ, ಪ್ರೊಫೆಸರ್ ಮ್ಯೋಂಗ್ ಅವರ ಬಸ್ಸು ಸೇತುವೆ ಹತ್ರ ಸಿಕ್ಕಿಹಾಕ್ಕೊಂಡಿದೆಯಂತೆ. ಅವರು ಬರೋ ತನಕ ಏನಾದ್ರೂ ಮಾತಾಡ್ತಾ ಇರಿ" ಅಂದರು.

"ಏನು ಮಾತಾಡ್ಲಿ ಪಾಸ್ಟರೇ?"

"ಸುಮ್ಮನಿರೋದು ನಿಮಗೆ ಕಷ್ಟ. ಮಾತಾಡೋದು ಯಾವಾಗ ಕಷ್ಟ ಆಯ್ತು?"

ಹೀಗಾಗಿ ನಿಂತಿದ್ದೇನೆ. ನನ್ನ ಸ್ವಭಾವ ನಿಮಗೆಲ್ಲ ಗೊತ್ತು. ಗಾಳಿ ಎದ್ದರೆ ದೋಣಿಗಳ ಚಿಂತೆ, ಗಾಳಿ ಇಲ್ಲದಿದ್ದರೆ ಯಾಕೆ ಇಲ್ಲ ಎಂಬ ಚಿಂತೆ. ಮನೆಯಿಂದ ಹೊರಟವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುತ್ತೇನೆ. ಇವತ್ತೂ ಹೋಗಿದ್ದೆ. ಆರಿಸಿದ್ದೆ.

ಪ್ರೊಫೆಸರ್ ಮ್ಯೋಂಗ್ ಯಾರು ಎಂದು ಹೊಸಬರು ಕೇಳಬಹುದು. ನಮ್ಮಂಥ ಕಾಲೇಜುಗಳಿಗೆ ಮಾನ್ಯತೆ ಕೊಡುವ ಮಂಡಳಿಯ ಪರಿಶೀಲನಾ ತಂಡಕ್ಕೆ ಅವರೇ ಮುಖ್ಯಸ್ಥರು. ಕಳೆದ ವರ್ಷ ಬಂದು ನೋಡಿ ಹೋದರು. ಮಂಡಳಿ ನಮಗೆ ಒಂದು ವರ್ಷದ ಗಡುವು ಕೊಟ್ಟಿತು. ಮೊನ್ನೆ ಅವರೇ ಫೋನು ಮಾಡಿ, "ತೀರ್ಮಾನ ಏನು ಅಂತ ನಿಮ್ಮ ವಾರ್ಷಿಕೋತ್ಸವಕ್ಕೆ ಬಂದು ನಾನೇ ಹೇಳ್ತೀನಿ" ಅಂದರಂತೆ. ಅವತ್ತಿನಿಂದ ನಾನು ಪ್ರಾಂಶುಪಾಲರನ್ನು ಬಿಟ್ಟಿಲ್ಲ. ಧ್ವನಿ ಹೇಗಿತ್ತು? ನಗುತ್ತಾ ಹೇಳಿದರೋ, ಸುಮ್ಮನೆ ಹೇಳಿದರೋ? ಪಾಸ್ಟರ್ ಸುಸ್ತಾಗಿ, "ಅಮ್ಮಾ, ಫೋನಿನ ಧ್ವನಿ ಫೋನಿನ ಧ್ವನಿ ಥರಾನೇ ಇತ್ತು" ಅಂದರು. ಇದು ಒಂದು ಉತ್ತರವೇ, ನೀವೇ ಹೇಳಿ!

ಮಾನ್ಯತೆ ಎಂದರೇನು? ನಮ್ಮಲ್ಲಿ ಪಾಠ ಇದೆ, ಪ್ರಾರ್ಥನೆ ಇದೆ, ಹಲ್ಲು ಮುರಿಯುವಂಥ ಗ್ರೀಕು, ಹೀಬ್ರೂ ಎಲ್ಲ ಇದೆ. ಆದರೆ ಮಾನ್ಯತೆ ಇಲ್ಲದ ಇಲ್ಲಿನ ಪದವಿ ಹಿಡಿದು ಹೊರಗೆ ಹೋದವರನ್ನು ಪಾಸ್ಟರ್ ಎಂದು ನೇಮಿಸಲು ದೊಡ್ಡ ಚರ್ಚುಗಳು ಒಪ್ಪುವುದಿಲ್ಲ. ಮುಂದೆ ಓದಿಸಲು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಆಗ ಏನಾಗುತ್ತದೆ? ಸುತ್ತಲಿನ ದ್ವೀಪಗಳಿಂದ ಪ್ರತಿಭೆಯುಳ್ಳ ಮಕ್ಕಳನ್ನು ನಾವು ಹುಡುಕುತ್ತೇವೆ, ಬೆಳೆಸುತ್ತೇವೆ, ಆಮೇಲೆ ಸಿಯೋಲ್ ಬಸ್ಸು ಹತ್ತಿಸಿ ಕೈ ಬೀಸುತ್ತೇವೆ. ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ನನ್ನ ಮುಖ ಪರಿಚಯ.

ಅಗೋ, ಅಲ್ಲಿ ಕಿಟಕಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದಾಳಲ್ಲ, ಯೋಮ್ ಸೋದಾಮ್. ತಗ್ಗಿಸು ಮಗಳೇ, ತಗ್ಗಿಸು, ಹೇಗಿದ್ದರೂ ಹೇಳಿಯೇ ಹೇಳುತ್ತೇನೆ. ಅವಳ ತಾಯಿ ದ್ವೀಪದಿಂದ ಬಂದು ನನ್ನ ಶೆಡ್ಡಿನಲ್ಲೇ ಕೆಲಸಕ್ಕಿದ್ದವರು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಈ ಹುಡುಗಿ ಅಲ್ಲಿಗೇ ಬಂದು ಬೋರಲು ಹಾಕಿದ ಬುಟ್ಟಿಯ ಮೇಲೆ ಕೂರುತ್ತಿದ್ದಳು. ಒಂದು ದಿನ ಒಲೆಯ ಹತ್ತಿರದ ಬೆಚ್ಚನೆಯ ಜಾಗಕ್ಕಾಗಿ ಇಬ್ಬರು ಹೆಂಗಸರು ಜಗಳಕ್ಕೆ ಬಿದ್ದರು. ಯಾರೆಂದು ಹೇಳುವುದಿಲ್ಲ, ಇಬ್ಬರೂ ಇಲ್ಲೇ ಇದ್ದಾರೆ, ಇವತ್ತೂ ಅಕ್ಕಪಕ್ಕ ಕೂತಿಲ್ಲ. ಕೈಯಲ್ಲಿ ಸಿಂಪಿ ಬಿಡಿಸುವ ಚಾಕು ಬೇರೆ. ಆಗ ಈ ಹುಡುಗಿ ಬುಟ್ಟಿಯ ಮೇಲಿಂದಲೇ, "ಚಿಕ್ಕಮ್ಮಂದಿರಾ, ಚಾಕು ಕೆಳಗಿಟ್ಟು ಬೈದಾಡಿ. ಬಯ್ಯೋಕೆ ಕೈ ಯಾಕೆ ಬೇಕು?" ಅಂದಳು. ಇಡೀ ಶೆಡ್ಡು ನಕ್ಕಿತು. ಬೈಗುಳ ಆಮೇಲೂ ನಡೆಯಿತು, ಅದು ಬೇರೆ ಮಾತು. ಆದರೆ ಚಾಕು ಕೆಳಗೆ ಬಂತು.

ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಮಾಡಿದ ಪ್ರಸಂಗವನ್ನು ಸೋಮವಾರ ಶೆಡ್ಡಿನಲ್ಲಿ ಅವಳು ಮತ್ತೊಮ್ಮೆ ಹೇಳುತ್ತಿದ್ದಳು. ಪಾಸ್ಟರೇ, ಬೇಜಾರು ಮಾಡಿಕೊಳ್ಳಬೇಡಿ, ನೀವು ಹೇಳುವಾಗ ನಮಗೆ ನಿದ್ದೆ ಬರುತ್ತಿತ್ತು, ಅವಳು ಹೇಳುವಾಗ ಕೈಗಳು ತಾವಾಗಿಯೇ ನಿಲ್ಲುತ್ತಿದ್ದವು. ಅವಳನ್ನು ಈ ಕಾಲೇಜಿಗೆ ಕೈಹಿಡಿದು ತಂದು ಸೇರಿಸಿದವಳು ನಾನು. ಈಗ ಸಿಯೋಲಿನ ದೊಡ್ಡ ಕಾಲೇಜಿನಿಂದ ಕರೆ ಬಂದಿದೆ. ಬರುವುದಾದರೆ ನಾಳೆಯೊಳಗೆ ತಿಳಿಸಬೇಕಂತೆ. "ಹೋಗು ಮಗಳೇ, ಒಳ್ಳೇದಾಗ್ಲಿ" ಅಂದೆ. "ಇಲ್ಲೇ ಮಾನ್ಯತೆ ಸಿಕ್ಕಿದ್ರೆ ನಾನ್ಯಾಕೆ ಹೋಗ್ಲಿ ಚಿಕ್ಕಮ್ಮ? ದ್ವೀಪದವರಿಗೆ ದ್ವೀಪದವಳೇ ಪಾಸ್ಟರ್ ಆಗೋದು ಬೇಡ್ವಾ?" ಅಂದಳು. ಇದನ್ನು ಅವಳು ಯಾರಿಗೂ ಹೇಳಬೇಡಿ ಎಂದಿದ್ದಳು. ಈಗ ಹೇಳಿಬಿಟ್ಟೆ. ಬಸ್ಸು ಇನ್ನೂ ಬಂದಿಲ್ಲವಲ್ಲ, ನಾನೇನು ಮಾಡಲಿ?

ಕಳೆದ ವರ್ಷದ ಕಥೆಗೆ ಬರುತ್ತೇನೆ. ಪರಿಶೀಲನಾ ತಂಡ ಬರುವ ಸುದ್ದಿ ತಿಳಿದಾಗ, ಬೆಳಗಿನ ಜಾವದ ಪ್ರಾರ್ಥನೆಯಲ್ಲಿ ನಾನು ಎದ್ದು ನಿಂತು, ಎಲ್ಲರೂ ಉಪವಾಸ ಪ್ರಾರ್ಥನೆ ಮಾಡೋಣ ಎಂದೆ. ಎಲ್ಲರೂ ಒಟ್ಟಿಗೆ ಆಮೆನ್ ಎಂದರು. ಯಾವಾಗ? ಅವರು ಬರುವ ದಿನವೇ, ಹಿಂದಿನ ಸಂಜೆಯಿಂದಲೇ. ಅವತ್ತಲ್ಲದೆ ದೇವರ ಸಹಾಯ ಇನ್ಯಾವಾಗ ಬೇಕು? ಇನ್ನೂ ಜೋರಾಗಿ ಆಮೆನ್! ಡಾಕ್ಟರೇಟು ಪಡೆದವರು ಆಮೆನ್ ಎಂದರು, ಈಗ ಛಾವಣಿ ನೋಡುತ್ತಿರುವ ಪ್ರಾಂಶುಪಾಲರೂ ಆಮೆನ್ ಎಂದರು. ಅಡುಗೆಯ ಒಕ್ಬುನ್ ಅಕ್ಕ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಅಡುಗೆಮನೆಗೆ ಬೀಗ ಜಡಿದು, ತಾವೂ ಬಂದು ಮೊಣಕಾಲೂರಿದರು. ಪರಿಶೀಲನೆಗೆ ಬಂದವರು ಅಡುಗೆಮನೆಯನ್ನೂ ನೋಡುತ್ತಾರೆ ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ?

ಅವರು ಬಂದೇ ಬಂದರು. ಪ್ರೊಫೆಸರ್ ಮ್ಯೋಂಗ್ ಎತ್ತರದ ಹೆಂಗಸು, ನರೆತ ಕೂದಲು, ಕೈಯಲ್ಲಿ ಮನೆಯಿಂದಲೇ ತಂದ ನೀರು, ಮನೆಯಿಂದಲೇ ತಂದ ಬುತ್ತಿ. ನಾನು ನನ್ನ ಮನೆಯಲ್ಲಿ ಕಾಸಿದ ಒಂದು ಲೋಟ ಬಾರ್ಲಿ ಚಹಾ ಹಿಡಿದುಕೊಂಡು ಹೋದೆ.

"ಬೇಡಮ್ಮ. ತೀರ್ಮಾನ ಆಗೋವರೆಗೂ ನಿಮ್ಮಲ್ಲಿ ನಾವು ಏನೂ ಮುಟ್ಟೋ ಹಾಗಿಲ್ಲ. ನಿಯಮ."

"ಒಂದೇ ಒಂದು ಸಿಂಪಿ? ಇವತ್ತು ಬೆಳಗ್ಗೆ ತೆಗೆದಿದ್ದು."

"ಸಿಂಪಿನೂ ಇಲ್ಲ."

ನಮ್ಮ ಬಂದರಿನಲ್ಲಿ ಬಂದ ಅತಿಥಿ ಏನೂ ಮುಟ್ಟದಿದ್ದರೆ ಕೋಪಗೊಂಡಿದ್ದಾರೆ ಎಂದೇ ಅರ್ಥ. ನಾನು ಅಲ್ಲೇ ಅರ್ಧ ಕುಗ್ಗಿಹೋದೆ.

ಆಮೇಲೆ ಊಟದ ಮನೆ ತೋರಿಸಿ ಅಂದರು. ಬೀಗ ತೆಗೆದರೆ ಒಲೆ ತಣ್ಣಗಿದೆ. ಅನ್ನದ ಕಾಳೊಂದೂ ಕಾಣುವುದಿಲ್ಲ. ಅವರು ಓಡಾಡುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿದರು.

"ಬೆಳಗ್ಗೆ ಏನು ತಿಂದೆಯಪ್ಪಾ?"

"ಏನೂ ಇಲ್ಲ ಮೇಡಂ."

"ನಿನ್ನೆ ರಾತ್ರಿ?"

"ಏನೂ ಇಲ್ಲ ಮೇಡಂ."

"ಯಾಕೆ?"

ಹುಡುಗ ನಗುತ್ತಾ ತಲೆಬಾಗಿ ಹೊರಟುಹೋದ. ಕಾರಣ ಯಾಕೆ ಹೇಳಲಿಲ್ಲ? ಉಪವಾಸವನ್ನು ಊರಿಗೆಲ್ಲ ಸಾರಬೇಡಿ, ಮುಖ ತೊಳೆದುಕೊಂಡು ತಲೆಗೆ ಎಣ್ಣೆ ಹಚ್ಚಿಕೊಂಡು ಏನೂ ಆಗದವರ ಹಾಗೆ ಇರಿ ಎಂದು ಬೈಬಲಿನಲ್ಲಿ ಕರ್ತನೇ ಕಲಿಸಿದ್ದಾನಲ್ಲ! ನಮ್ಮ ಮಕ್ಕಳು ಒಳ್ಳೆಯ ಮಕ್ಕಳು, ಪಾಠವನ್ನು ಪಾಲಿಸಿದರು. ಕೆನ್ನೆಗೆ ಕ್ರೀಮು ಬಳಿದುಕೊಂಡು, ತಲೆ ಬಾಚಿಕೊಂಡು, ಹೊಳೆಯುವ ಮುಖದಲ್ಲಿ ನಗುತ್ತಾ ಎಲ್ಲೆಲ್ಲೂ ನಿಂತಿದ್ದರು. ಕೇಳಿದರೆ ಸುಳ್ಳು ಹೇಳುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಪ್ರೊಫೆಸರ್ ಮುಖ ಗಂಟಿಕ್ಕುತ್ತಾ ಹೋಯಿತು. ಇದು ಮಕ್ಕಳನ್ನು ಉಪವಾಸ ಕೆಡವುವ ಕಾಲೇಜು, ಅದರ ಮೇಲೆ ಬಾಯಿಬಿಡದ ಹಾಗೆ ಹೆದರಿಸಿಯೂ ಇಟ್ಟಿದ್ದಾರೆ ಎಂದು ಯಾರಾದರೂ ತಿಳಿಯುವುದೇ ಸರಿ.

ಮಧ್ಯಾಹ್ನ ಪ್ರಾರ್ಥನಾಲಯದಲ್ಲಿ ಸೋದಾಮಳ ಪ್ರಸಂಗ. ಹಸಿವೆಂದು ಗೊಣಗಿದ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಆಕಾಶದಿಂದ ರೊಟ್ಟಿ ಸುರಿದ ಭಾಗ. ರೊಟ್ಟಿ ಎಂಬ ಮಾತು ಬಂದದ್ದೇ ತಡ, ಅವಳ ಹೊಟ್ಟೆ ಗುರ್ರ್ ಎಂದಿತು. ಮೈಕು ಹತ್ತಿರವೇ ಇತ್ತು. ಇಡೀ ಪ್ರಾರ್ಥನಾಲಯಕ್ಕೆ ಕೇಳಿಸಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಇವಳು ಒಂದು ಕ್ಷಣ ನಿಂತು, "ಈಗ ಮಾತಾಡಿದ್ದು ನಾನಲ್ಲ. ಆದ್ರೆ ಇಸ್ರಾಯೇಲ್ಯರು ಗೊಣಗಿದ್ದು ಹೇಗಿತ್ತು ಅಂತ ನನಗಿಂತ ಚೆನ್ನಾಗಿ ಹೇಳ್ತು" ಅಂದಳು.

ಜನ ನಕ್ಕರು. ನನಗೆ ತಡೆಯಲಾಗಲಿಲ್ಲ. ಪ್ರಸಂಗ ಶುರುವಾದಾಗಿನಿಂದ ಕಂಬದ ಹಿಂದೆ ಅಡಗಿ ಕೂತಿದ್ದವಳು ಎದ್ದು ನಿಂತೆ. "ಮೇಡಂ, ಮಕ್ಕಳನ್ನ ನಾವು ಉಪವಾಸ ಕೆಡವಿಲ್ಲ! ಅವರೇ ಮಾಡ್ತಿರೋದು! ನಿಮಗೋಸ್ಕರ!"

"ನಮಗೋಸ್ಕರ?"

"ನೀವು ನಮ್ಮನ್ನ ಪಾಸ್ ಮಾಡ್ಲಿ ಅಂತ!"

ಪ್ರೊಫೆಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ನಗು ತಡೆದುಕೊಂಡರೋ, ಸಿಟ್ಟು ತಡೆದುಕೊಂಡರೋ, ನನಗೆ ಇವತ್ತಿಗೂ ತಿಳಿಯದು. "ನೀವು ಯಾರು?" ಅಂದರು. ಆಡಳಿತ ಮಂಡಳಿಯ ಸದಸ್ಯೆ ಎಂದೆ. "ಎಷ್ಟು ಓದಿದ್ದೀರಿ?"

ಇದಕ್ಕೇ ಹೆದರಿ ನಾನು ಕಂಬದ ಹಿಂದೆ ಕೂತಿದ್ದು. ಇದಕ್ಕೇ ಹೆದರಿ, ನನ್ನನ್ನು ಆಡಳಿತ ಮಂಡಳಿಯಿಂದ ಬಿಟ್ಟುಬಿಡಿ ಎಂದು ಪಾಸ್ಟರ್ ಮನೆಗೆ ಅಲೆದದ್ದು. "ನಾಲ್ಕನೇ ಕ್ಲಾಸು" ಎಂದೆ. "ಆಮೇಲೆ..." ಎಂದು ನಿಲ್ಲಿಸಿದೆ.

ಆ 'ಆಮೇಲೆ'ಯನ್ನು ಅವತ್ತು ಹೇಳಲಿಲ್ಲ. ಯಾರಿಗೂ ಹೇಳಿಲ್ಲ. ಅಪ್ಪನ ಬೆನ್ನು ಮುರಿದ ವರ್ಷ ನನ್ನನ್ನು ಶಾಲೆ ಬಿಡಿಸಿ ಸಿಂಪಿ ಬಿಡಿಸಲು ಕೂರಿಸಿದರು. ಆಮೇಲೆ ಚರ್ಚಿನವರು ಬಲೆ ಹೆಣೆಯುವ ಕೊಟ್ಟಿಗೆಯಲ್ಲಿ ಸಂಜೆಯ ಶಾಲೆ ತೆರೆದರು. ಬಡಕಲು ಮೇಷ್ಟ್ರು, ಒಂದು ದೀಪ. ಭಾಗಾಕಾರ ಕಲಿತೆ, ನಕ್ಷೆ ಓದಲು ಕಲಿತೆ. ಮೇಷ್ಟ್ರು ನನ್ನನ್ನು, "ನೀನು ಮಾಧ್ಯಮಿಕ ಶಾಲೆಗೆ ಹೋಗಬೇಕಾದವಳು ಕಣೇ" ಎಂದು ಹೊಗಳಿ ಪರೀಕ್ಷೆಗೆ ಹೆಸರು ಹಚ್ಚಲು ಕಳಿಸಿದರು. ಅಲ್ಲಿ ಮೇಜಿನ ಹಿಂದೆ ಕೂತಿದ್ದವರು ಒಳ್ಳೆಯವರೇ, ಬೈಯಲಿಲ್ಲ. ಸರ್ಕಾರದ ಪಟ್ಟಿಯನ್ನೆಲ್ಲ ಹುಡುಕಿ, "ಅಂಥ ಶಾಲೆ ಯಾವುದೂ ಇಲ್ಲಮ್ಮ" ಅಂದರು.

ನಾನು ವಾಪಸು ನಡೆದು ಬಂದೆ. ಕತ್ತಲಾಗುತ್ತಿತ್ತು. ಕೊಟ್ಟಿಗೆಯಲ್ಲಿ ದೀಪ ಹಚ್ಚಿದ್ದರು. ಹೊರಗೆ ಮಕ್ಕಳ ರಬ್ಬರ್ ಚಪ್ಪಲಿ, ಒಳಗೆ ಮಗ್ಗಿಯ ಸದ್ದು. ಬಾಗಿಲಲ್ಲಿ ನಿಂತು ನೋಡಿದೆ. ಇದೆಯಲ್ಲ! ಶಾಲೆ ಇದೆಯಲ್ಲ! ಇದನ್ನು ಇಲ್ಲ ಎನ್ನುವುದಾದರೆ ಇಲ್ಲಿ ಕಲಿತ ನಾನು ಇದ್ದೇನೋ ಇಲ್ಲವೋ? ಒಳಗೆ ಹೋಗಲಿಲ್ಲ. ಮರುದಿನದಿಂದ ಚಾಕು ಹಿಡಿದೆ.

ಅಯ್ಯೋ, ವಾರ್ಷಿಕೋತ್ಸವದ ದಿನ ಏನು ಹೇಳುತ್ತಿದ್ದೇನೆ! ಕಣ್ಣು ಒರೆಸಿಕೊಳ್ಳಿ ಅಕ್ಕಂದಿರಾ, ನಾನು ಬರೀ ಹೊತ್ತು ಕಳೆಯಲು ನಿಂತವಳು. ಗಡುವು ಕೊಟ್ಟಾಗ ಮಾನ್ಯತೆಯ ಮಂಡಳಿ ಕೇಳಿದ್ದು ಮೂರೇ: ಗ್ರಂಥಾಲಯಕ್ಕೆ ಇನ್ನಷ್ಟು ಪುಸ್ತಕ, ಹೊಸ ಒಡಂಬಡಿಕೆ ಕಲಿಸಲು ಇನ್ನೊಬ್ಬ ಬೋಧಕರು, ಮತ್ತು ಊಟದ ಮನೆ 'ಪ್ರತಿದಿನವೂ ತೆರೆದಿರತಕ್ಕದ್ದು.' ನಗಬೇಡಿ, ಹಾಗೆಯೇ ಹೇಳಿದ್ದರು. ಎಲ್ಲ ಮಾಡಿದ್ದೇವೆ. ಸಾಕಾಯಿತೋ ಇಲ್ಲವೋ ಬಲ್ಲವರು ಬಸ್ಸಿನಲ್ಲಿದ್ದಾರೆ. ಈ ಸಲ ಉಪವಾಸ ಎಂಬ ಮಾತನ್ನು ನಾನು ಬಾಯಿಗೇ ತಂದಿಲ್ಲ. ಒಕ್ಬುನ್ ಅಕ್ಕ ಬೆಳಗಿನಿಂದ ಸಿಂಪಿ ಸಾರು ಕುದಿಸುತ್ತಿದ್ದಾರೆ, ವಾಸನೆ ನಿಮಗೂ ಬರುತ್ತಿರಬೇಕು.

ಹಿಂದೆ ಕೂತವರು ಯಾಕೆ ತಿರುಗಿ ನೋಡುತ್ತಿದ್ದೀರಿ? ನಾನು ಮಾತಾಡುತ್ತಿರುವುದು ಇಲ್ಲಿ. ಅಡುಗೆಮನೆಯ ಬಾಗಿಲಲ್ಲಿ ಯಾರು ನಿಂತಿರುವುದು? ಎತ್ತರದ... ಅಯ್ಯೋ ಕರ್ತನೇ. ಪ್ರೊಫೆಸರ್ ಮ್ಯೋಂಗ್, ಯಾವಾಗ ಬಂದಿರಿ? ಮುಂದೆ ಬನ್ನಿ ಮೇಡಂ, ನಿಮ್ಮ ಕುರ್ಚಿ ಇಲ್ಲಿದೆ. ಯಾಕೆ ಬರುತ್ತಿಲ್ಲ? ನಾನು ಹೇಳಿದ್ದೆಲ್ಲ ಕೇಳಿಸಿಕೊಂಡಿರಾ? ಕೈಯಲ್ಲಿ ಏನದು?

ಬಟ್ಟಲು.

ಒಕ್ಬುನ್ ಅಕ್ಕನ ಬಟ್ಟಲು, ಆವಿ ಏಳುತ್ತಿದೆ. ಹಿಡಿದುಕೊಂಡಿದ್ದೀರೋ, ತಿನ್ನುತ್ತಿದ್ದೀರೋ? ಮೇಡಂ, ಈ ವಿಷಯದಲ್ಲಿ ತಮಾಷೆ ತಡೆದುಕೊಳ್ಳಲು ನನಗಾಗದು, ನನಗೆ ರಕ್ತದೊತ್ತಡ ಇದೆ. ತೀರ್ಮಾನ ಆಗುವವರೆಗೂ ಸಿಂಪಿಯೂ ಇಲ್ಲ ಎಂದವರು ನೀವೇ ಅಲ್ಲವೇ? ... ಚಮಚ ಎತ್ತಿದರು. ಪಾಸ್ಟರೇ, ಛಾವಣಿ ಬಿಟ್ಟು ಅಲ್ಲಿ ನೋಡಿ. ಬಾಯಿಗಿಟ್ಟರು. ಅಗಿಯುತ್ತಿದ್ದಾರೆ. ನುಂಗಿದರು! ಇನ್ನೊಂದು ಚಮಚ! ತೀರ್ಮಾನ ಆಗಿದೆ ಅಂತಾಯಿತು, ಕೋಪದ ತೀರ್ಮಾನವಾಗಿದ್ದರೆ ನಮ್ಮ ಸಾರನ್ನು ಯಾರು ಮುಟ್ಟುತ್ತಾರೆ!

ಸೋದಾಮ್, ತಲೆ ಎತ್ತು ಮಗಳೇ. ನಾಳೆ ಸಿಯೋಲಿನವರಿಗೆ ಫೋನು ಮಾಡಿ, ಬರುವುದಿಲ್ಲ ಎಂದು ಹೇಳು. ಯಾಕೆ ಎಂದು ಕೇಳಿದರೆ, ನಮ್ಮೂರಲ್ಲಿ ಒಂದು ಕಾಲೇಜು ಇದೆ ಎಂದು ಹೇಳು. ಇದೆ ಎಂದು ಹೇಳು.

ವಂದನಾರ್ಪಣೆ ಪೂರ್ತಿ ಮರೆತುಹೋಗಿದೆ. ಅಧ್ಯಕ್ಷರಿಗೆ, ಬೋಧಕರಿಗೆ, ಬೆಂಕಿ ಆರಿಸದ ಒಕ್ಬುನ್ ಅಕ್ಕನಿಗೆ, ಸೇತುವೆಯ ಹತ್ತಿರ ನಿಂತ ಆ ಬಸ್ಸಿಗೆ, ಹೊಟ್ಟೆ ತುಂಬ ಉಣ್ಣಲು ಬಂದ ನಮ್ಮ ಅತಿಥಿಗೆ, ನನ್ನನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲರಿಗೂ ಕೃತಜ್ಞತೆಗಳು. ಏಳಿ ಏಳಿ, ಸಾರು ಆರಿಹೋಗುತ್ತದೆ. ಒಲೆ ಆರಿಸಿದ್ದಾರೋ ಇಲ್ಲವೋ ನಾನು ಒಮ್ಮೆ ನೋಡಿಕೊಂಡು ಬರುತ್ತೇನೆ.

ನಮಸ್ಕಾರ.