ಮನೆಗೆ ಬಂದ ಚಾಕುಗಳು

ನಮ್ಮೂರ ಬೇಕರಿಯಲ್ಲಿ ಮಾಂಸದ ಪೈಗೆ ಏಳು ಡಾಲರ್, ಕುರಿ ಕಡಿಯುವ ಕಾರ್ಖಾನೆಯ ಕೆಲಸಗಾರರಿಗೆ ಆರು. ಶುಕ್ರವಾರ ಸಂಜೆ ಸಾಲಿನಲ್ಲಿ ನನ್ನ ಮುಂದೆ ಆ ಕಾರ್ಖಾನೆಯ ಕ್ಲಿಂಟ್ ನಿಂತಿದ್ದ, ಅವನ ಮುಂದೆ ಮುದುಕಿ ಲೋರ್ನಾ. ಅವಳು ತಿರುಗಿ ಅವನ ಕೈ ನೋಡಿದಳು.

"ಏನೋ, ಪೈ ತಿನ್ನೋಕೆ ಇಷ್ಟೊಂದು ಚಾಕು ಬೇಕಾ?"

"ಎಲ್ಲರೂ ಅವರವರ ಚಾಕು ಮನೆಗೆ ತಗೊಂಡು ಹೋಗಿ ಅಂದ್ರು ಆಂಟಿ, ಸಿಡ್ನಿಯಿಂದ ಬಂದ ಮ್ಯಾನೇಜರು. ಚಾಕು ಇಡೋ ಬೀರುಗಳಿಗೆ ಬಣ್ಣ ಹೊಡೀತಾರಂತೆ."

"ಬಣ್ಣದ ಡಬ್ಬ ನೋಡಿದ್ಯಾ?"

"ಇಲ್ಲ."

"ಹಿಂದೆ ಇಲ್ಲಿದ್ದ ಬೆಣ್ಣೆ ಕಾರ್ಖಾನೆಯವರು ನಿಮ್ಮಪ್ಪಂಗೆ ಬೂಟು ಮನೆಗೆ ತಗೊಂಡು ಹೋಗು ಅಂದಿದ್ರು. ನೆಲ ತೊಳೀಬೇಕು ಅಂತ."

"ಆಗ ನಾನು ಚಿಕ್ಕೋನು. ಆಮೇಲೆ?"

"ಆ ಬೂಟು ಹಾಕ್ಕೊಂಡು ಸಾಯೋವರೆಗೂ ಹಿತ್ತಲು ಅಗೆದ."

"ಹೆದರಿಸಬೇಡಿ ಆಂಟಿ. ನನ್ನ ಹೆಂಡ್ತಿಗೆ ಎಂಟು ತಿಂಗಳು."

"ನಂಗೇ ಹೆದರಿಕೆ ಆಗ್ತಿದೆಯಪ್ಪ. ಬೆಣ್ಣೆ ಹೋದಾಗ ಕುರಿ ಇತ್ತು. ಈಗ ಏನಿದೆ ಹೇಳು?"

ತನ್ನ ಸರದಿ ಬಂದಾಗ ಕ್ಲಿಂಟ್ ಯಾರೂ ಕೇಳದೆಯೇ ಏಳು ಡಾಲರ್ ಇಟ್ಟ. ಲೋರ್ನಾ ಅವನ ತೋಳು ಹಿಡಿದುಕೊಂಡಳು, ಇಬ್ಬರೂ ಹೊರಟರು.

ಸೋಮವಾರ ಕಾರ್ಖಾನೆಯ ಗೇಟು ತೆರೆಯಲಿಲ್ಲ. ಅವನ ಕೆಲಸ ಹೋಯಿತು, ಊರಿಗೆ ಉಳಿದಿದ್ದ ಕೊನೆಯ ಕಾರ್ಖಾನೆಯೂ ಹೋಯಿತು.