ಕಲ್ಯಾಣಮ್ಮನ ಬೆಲ್ಲು

ಇದು ನಮ್ಮ ದೊಡ್ಡಮ್ಮನ ಮಗ ಶ್ಯಾಮಸುಂದರನಿಗೇ ಆದದ್ದು. ಎಪ್ಪತ್ತಾರರಲ್ಲಿ, ರಾಜಾಜಿನಗರದಲ್ಲಿ. ರಾತ್ರಿ ಊಟ ಮುಗಿಸಿ ಅವನು ಹಾಳುಬಾವಿಯ ಪಕ್ಕದಲ್ಲಿ ಹೋಗುತ್ತಿದ್ದ. ಕೈಯಲ್ಲಿ ಟ್ರಾನ್ಸಿಸ್ಟರ್. ಅದರಲ್ಲಿ ಹಾಡಿಲ್ಲ, ವಾರ್ತೆಯಿಲ್ಲ. ಜರ್‌ರ್‌ರ್... ಜರ್... ಜರ್‌ರ್‌ರ್... ಅಷ್ಟೇ.

ಯಾಕೆ ಅಂತ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನಿಗೆ ಹ್ಯಾಮ್ ರೇಡಿಯೊ ಹುಚ್ಚು. ಅಂದರೆ ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು ದೂರದೂರಿನವರ ಜೊತೆ ಮಾತಾಡುವುದು. ರಾತ್ರಿ ಹತ್ತಕ್ಕೆ ಕೊಲಂಬೊದ ಗೆಳೆಯ ಸಿಗುತ್ತಿದ್ದ. ಆಗಲೇ ಈ ಶಬ್ದ ಬಂದು ಮಾತನ್ನೆಲ್ಲ ನುಂಗುತ್ತಿತ್ತು. ಹತ್ತಿರದಲ್ಲೆಲ್ಲೋ ಕರೆಂಟಿನ ಕಿಡಿ ಹಾರಿದರೆ ಹಾಗಾಗುತ್ತದೆ. ಅದನ್ನು ಹುಡುಕಲು ಟ್ರಾನ್ಸಿಸ್ಟರನ್ನು ಮೆಲ್ಲಗೆ ತಿರುಗಿಸಬೇಕು. ಶಬ್ದ ಅಡಗಿದಾಗ ಅದರ ಪಕ್ಕದಂಚು ಎತ್ತ ತೋರಿಸುತ್ತದೋ, ಮೂಲ ಅತ್ತ.

ಅದು ಒಂದು ಹೆಂಚಿನ ಮನೆ ತೋರಿಸಿತು. ಪ್ರಭಾ ಎಂಬ ಹೆಂಗಸು ಬಾಗಿಲು ತೆಗೆದಳು.

"ನಿಮ್ಮನೇಲಿ ಏನೋ ಕರೆಂಟಿಂದು ಕೆಟ್ಟಿದೆ ಮೇಡಂ."

"ಕೆಟ್ಟಿರೋದು ನಮ್ಮತ್ತೆ. ಬನ್ನಿ ಸಾರ್, ತೋರಿಸ್ತೀನಿ."

ಮಂಚದ ಮೇಲೆ ಕಲ್ಯಾಣಮ್ಮ. ಲಕ್ವ ಹೊಡೆದು ಮಾತು ನಿಂತಿತ್ತು. ಬಲಗೈ ಮಾತ್ರ ಒಂದಿಷ್ಟು ಆಡುತ್ತಿತ್ತು. ಅದರಲ್ಲಿ ವೈರಿನ ತುದಿಯ ಬೆಲ್ ಸ್ವಿಚ್. ನೀರು ಬೇಕಾದಾಗ ಬಿಳಿ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಬೆಲ್ಲು ಬಡಿದುಕೊಳ್ಳುತ್ತಿತ್ತು. ಕಿಡಿ ಹಾರುತ್ತಿದ್ದದ್ದು ಆ ಬೆಲ್ಲಿನಲ್ಲೇ.

ಕಿಡಿ ಅಡಗಿಸುವ ಒಂದು ಸಣ್ಣ ಕಂಡೆನ್ಸರ್ ಕೂರಿಸಿದ್ದರೆ ಬೆಲ್ಲೂ ಉಳಿಯುತ್ತಿತ್ತು, ಶಬ್ದವೂ ಹೋಗುತ್ತಿತ್ತು. ಶ್ಯಾಮಸುಂದರನಿಗೆ ಅದು ಗೊತ್ತಿತ್ತು. ಆದರೆ ಮನೆಗೆ ಹೋಗಿ ತರುವಷ್ಟರಲ್ಲಿ ಹತ್ತು ದಾಟುತ್ತಿತ್ತು.

"ಸದ್ಯಕ್ಕೆ ವೈರ್ ಕತ್ತರಿಸ್ಲಾ?" ಪಿಸುಗುಟ್ಟಿದ. "ನಾಳೆ ಬಂದು ಸರಿ ಮಾಡ್ತೀನಿ."

"ಪುಣ್ಯ ಬರುತ್ತೆ ಸಾರ್. ನಾನೂ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ನಿಧಾನಕ್ಕೇ ಬನ್ನಿ."

ಟಕ್.

ಕಲ್ಯಾಣಮ್ಮ ಅವನನ್ನೇ ನೋಡುತ್ತಿದ್ದಳು. ಹೆಬ್ಬೆರಳು ನಿಲ್ಲಲಿಲ್ಲ. ಟಿಕ್... ಟಿಕ್... ಬರೀ ಗುಂಡಿಯ ಸದ್ದು.

ಆ ರಾತ್ರಿ ಕೊಲಂಬೊದವನು ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸಿದ. ಮಾರನೇ ದಿನ ಇವನು ಹೋಗಲಿಲ್ಲ. ಅದರ ಮಾರನೇ ದಿನವೂ ಹೋಗಲಿಲ್ಲ.

ವಾರದೊಳಗೆ ಕಲ್ಯಾಣಮ್ಮ ತೀರಿಕೊಂಡಳು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತಂತೆ. ಎಷ್ಟು ಎಳೆದರೂ ಮುಷ್ಟಿ ಬಿಡಿಸಲಾಗಲಿಲ್ಲ. ಗೇಣುದ್ದ ವೈರು ಬಿಟ್ಟು ಮಿಕ್ಕದ್ದು ಕತ್ತರಿಸಿ, ಸ್ವಿಚ್ ಸಮೇತವೇ ಹೆಣ ಸುಟ್ಟರು.

ವೈಕುಂಠ ಸಮಾರಾಧನೆಯ ರಾತ್ರಿ ಹತ್ತಕ್ಕೆ... ಜರ್‌ರ್‌ರ್... ಜರ್... ಜರ್‌ರ್‌ರ್...

ಶ್ಯಾಮಸುಂದರ ಟ್ರಾನ್ಸಿಸ್ಟರ್ ಹಿಡಿದು ಹೊರಟ. ಬಾವಿಯ ಹತ್ತಿರ ನಿಂತು ತಿರುಗಿಸಿದ. ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಒಂದು ಸುತ್ತು ಪೂರ್ತಿ ತಿರುಗಿಸಿದ. ಶಬ್ದ ಯಾವ ಕಡೆಗೂ ಅಡಗಲಿಲ್ಲ. ಹಾಗೆ ಆಗುವುದೇ ಇಲ್ಲ. ಓಡಿಹೋಗಿ ಪ್ರಭಾಳ ಬಾಗಿಲು ಬಡಿದ.

"ಇನ್ನೊಂದು ಬೆಲ್ ಹಾಕಿದೀರಾ?"

"ಯಾರಿಗೆ ಸಾರ್ ಹಾಕೋದು? ಹಳೇದನ್ನೂ ಗುಜರಿಗೆ ಕೊಟ್ಟಾಯ್ತು." ಆಮೇಲೆ ಅವಳ ದನಿ ಇಳಿಯಿತು. "ಸಾರ್... ನಿಮ್ಮ ಜೇಬಿಂದ ಅದೇನು ವೈರ್ ನೇತಾಡ್ತಿದೆ?"

ಗೇಣುದ್ದವಿತ್ತು.

ಶ್ಯಾಮಸುಂದರ ರೇಡಿಯೊ ಎಲ್ಲ ಮಾರಿಬಿಟ್ಟ. ಆ ಸ್ವಿಚ್ ಮಾತ್ರ ಅವನ ಬೀರುವಿನಲ್ಲಿ ಈಗಲೂ ಇದೆ. ನಂಬಿ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಲ್ಲೂ ಸುಟ್ಟ ಗುರುತಿಲ್ಲ. ಬಿಚ್ಚಿ ನೋಡಿದರೆ ಸ್ಪ್ರಿಂಗೂ ಚೆನ್ನಾಗಿದೆ. ಆದರೂ ಬಿಳಿ ಗುಂಡಿ ಒಳಕ್ಕೆ ಒತ್ತಿಕೊಂಡೇ ಇದೆ... ಮೇಲೆ ಬರುವುದಿಲ್ಲ.