ಯಾರಿಗೆ ತಿಳಿಸಬೇಕು

ಮರುಭೂಮಿಗೆ ಮುಂಚಿನ ಕಡೇ ಪೆಟ್ರೋಲ್ ಬಂಕಿನಲ್ಲಿ, ಅದನ್ನು ನೋಡಿಕೊಳ್ಳುವ ನೊರೀನ್ ಕಿಟಕಿಯ ಕೆಂಧೂಳು ಒರೆಸುತ್ತಿದ್ದಳು. ಹೊರಗೆ ಕ್ಲೈವ್, ಜೀಪಿನ ಹಿಂದೆ ಕಟ್ಟಿದ ಟೆಂಟ್ ಗಾಡಿ ಮರಳಲ್ಲಿ ಹೂತುಕೊಳ್ಳದಿರಲೆಂದು ಅದರ ಟೈರಿನಿಂದ ಗಾಳಿ ಇಳಿಸುತ್ತಿದ್ದ. ಪಕ್ಕದಲ್ಲಿ ನಿಂತ ಅವನ ಹೆಂಡತಿ, ಮರುಭೂಮಿ ದಾಟುವವರು ಬಂಕಿನಲ್ಲಿ ಕೊಟ್ಟುಹೋಗಬೇಕಾದ ಚೀಟಿ ತುಂಬುತ್ತಿದ್ದಳು.

"ಗುರುವಾರದೊಳಗೆ ಆಚೆ ಊರು ಸೇರದಿದ್ರೆ ಯಾರಿಗೆ ತಿಳಿಸ್ಬೇಕು ಅಂತ ಕೇಳಿದಾರೆ."

"ಖಾಲಿ ಬಿಡು."

"ಮರಳಲ್ಲಿ ಹೂತ್ಕೊಂಡ್ರೆ ನಮ್ಮನ್ನ ಹುಡುಕ್ಸೋರು ಯಾರು ಮಹಾರಾಯ? ನಿನ್ನ ತಮ್ಮನ ಹೆಸರು ಬರೀತೀನಿ."

"ರೋರಿದಾ? ಆರು ವರ್ಷದಿಂದ ಮಾತಿಲ್ಲ. ಪೀಡೆ ತೊಲಗ್ತು ಅಂತಾನೆ."

"ತಪ್ಪಾಯ್ತು ಅಂತ ಅವನಿಗೆ ಬರೆದ ಕಾಗದಾನ ಜೀಪಲ್ಲೇ ದೇಶ ಸುತ್ತಿಸ್ತಿದೀಯಲ್ಲ, ಅದನ್ನ ಇಲ್ಲೇ ಅಂಚೆಗೆ ಹಾಕು."

"ವಾಪಸ್ ಬಂದ್ಮೇಲೆ ಹಾಕ್ತೀನಿ."

"ಬರದಿದ್ರೆ?"

ಕ್ಲೈವ್ ಟೈರಿನ ಮುಚ್ಚಳ ತಿರುಗಿಸಿದ. ಹೆಂಡತಿ ರೋರಿಯ ಹೆಸರು ಬರೆದು ಚೀಟಿಯನ್ನು ನೊರೀನ್ ಕೈಗಿತ್ತು ಜೀಪು ಹತ್ತಿದಳು. ಅವನು ಮಾತ್ರ ಅಂಚು ಸವೆದ ಲಕೋಟೆ ಹಿಡಿದು ಬಂಕಿನ ಗೋಡೆಯ ಅಂಚೆ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಒಳಗೆ ಬಿಟ್ಟ.